ಎಐ ತಾನೇ ಕೋಡ್ ಬರೆಯುವಾಗ ಡೇಟಾ ಸ್ಟ್ರಕ್ಚರ್ ಕಲಿಯಬೇಕೆ? ಸಿಎಸ್‌ಇ ಒಳ್ಳೆಯದೋ, ಎಐ-ಎಂಎಲ್ ಒಳ್ಳೆಯದೋ?

ನಿಮ್ಮ ಮಗಳಿಗೆ ಕೆಸಿಇಟಿ ರ‍್ಯಾಂಕಿನ ಮೇಲೆ ಒಂದೇ ಕಾಲೇಜಿನ ಕಂಪ್ಯೂಟರ್ ಸೈನ್ಸ್ (ಸಿಎಸ್‌ಇ) ಮತ್ತು ಎಐ-ಎಂಎಲ್ (ಕೃತಕ ಬುದ್ಧಿಮತ್ತೆ ಮತ್ತು ಮಷಿನ್ ಲರ್ನಿಂಗ್) ಎರಡೂ ಶಾಖೆಗಳು ಸಿಗುವಂತಿವೆ, ಆಪ್ಷನ್ ಎಂಟ್ರಿಯಲ್ಲಿ ಯಾವುದನ್ನು ಮೊದಲು ಹಾಕಬೇಕು ಎಂದು ಕೇಳಿದ್ದೀರಿ. ಎಐ ತಾನೇ ಪ್ರೋಗ್ರಾಂ ಬರೆಯುತ್ತಿರುವಾಗ ಸಿ ಭಾಷೆ, ಡೇಟಾ ಸ್ಟ್ರಕ್ಚರ್ (ಮಾಹಿತಿಯನ್ನು ಕಂಪ್ಯೂಟರಿನಲ್ಲಿ ಜೋಡಿಸಿಡುವ ವಿಧಾನಗಳು), ಆಪರೇಟಿಂಗ್ ಸಿಸ್ಟಂಗಳಂಥ ಹಳೆಯ ವಿಷಯಗಳಿಂದ ಪ್ರಯೋಜನವಿದೆಯೆ, ಗ್ರಾಫಿಕ್ಸ್ ಕಾರ್ಡ್ ಇರುವ ದುಬಾರಿ ಲ್ಯಾಪ್‌ಟಾಪ್ ಕೊಡಿಸಲೇಬೇಕೆ ಎಂಬವು ನಿಮ್ಮ ಉಳಿದ ಮುಖ್ಯ ಪ್ರಶ್ನೆಗಳು. ನಾನು ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಆ ಹಳೆಯ ವಿಷಯಗಳನ್ನೇ ಪಾಠ ಮಾಡುವವನು. ಅವುಗಳ ಪರವಾಗಿ ಮಾತನಾಡುವುದರಲ್ಲಿ ನನ್ನ ಅನ್ನದ ಪ್ರಶ್ನೆಯೂ ಇದೆ ಎಂಬುದನ್ನು ಗಮನದಲ್ಲಿಟ್ಟುಕೊಂಡೇ ಮುಂದಿನದನ್ನು ಓದಿ.

ಶಾಖೆಯ ಹೆಸರಿನ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) 2022ರ ಸ್ಕೀಮಿನಲ್ಲಿ ಎರಡೂ ಶಾಖೆಗಳ ಪಠ್ಯಕ್ರಮವನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ, ಮೂರನೆಯ ಸೆಮಿಸ್ಟರಿನ ಡೇಟಾ ಸ್ಟ್ರಕ್ಚರ್, ಆಪರೇಟಿಂಗ್ ಸಿಸ್ಟಂ ಮತ್ತು ಕಂಪ್ಯೂಟರ್ ಆರ್ಗನೈಸೇಶನ್, ನಾಲ್ಕನೆಯ ಸೆಮಿಸ್ಟರಿನ ಅಲ್ಗಾರಿದಮ್ (ಲೆಕ್ಕವನ್ನು ಹಂತಹಂತವಾಗಿ ಬಿಡಿಸುವ ವಿಧಾನ) ಮತ್ತು ಡೇಟಾಬೇಸ್ ಇವೆಲ್ಲ ಎರಡಕ್ಕೂ ಒಂದೇ ಎಂಬುದು ಕಾಣುತ್ತದೆ. ಸ್ವಾಯತ್ತ ಕಾಲೇಜಾಗಿದ್ದರೆ ಅದರದೇ ಪಠ್ಯಕ್ರಮವಿರುತ್ತದೆ, ಅದನ್ನು ತರಿಸಿಕೊಂಡು ನೋಡಿ. ಅದಕ್ಕಿಂತ ಮುಖ್ಯವಾಗಿ, ಆ ಶಾಖೆಯಲ್ಲಿ ಗಣಿತವನ್ನೂ ಮಷಿನ್ ಲರ್ನಿಂಗನ್ನೂ ಯಾರು ಪಾಠ ಮಾಡುತ್ತಾರೆಂದು ಹಿರಿಯ ವಿದ್ಯಾರ್ಥಿಗಳನ್ನು ಕೇಳಿ; ಕೆಲವು ಕಡೆ ಬಾಗಿಲ ಮೇಲಿನ ಬೋರ್ಡು ಬದಲಾದಷ್ಟು ಬೇಗ ಅಧ್ಯಾಪಕರು ಸಿಕ್ಕಿಲ್ಲ.

ನಿಮ್ಮ ಎರಡನೆಯ ಪ್ರಶ್ನೆಯೇ ನಿಜವಾದ ಪ್ರಶ್ನೆ. ಮೊದಲ ವರ್ಷದ ಸಿ ಲ್ಯಾಬಿನಲ್ಲಿ ಎಲ್ಲ ವಿದ್ಯಾರ್ಥಿಗಳೂ ಬರೆಯುವ ಬೈನರಿ ಸರ್ಚ್ ಪ್ರೋಗ್ರಾಮನ್ನೇ ತೆಗೆದುಕೊಳ್ಳೋಣ. ಅಕ್ಷರಾದಿಯಾಗಿ ಜೋಡಿಸಿದ ನಿಘಂಟಿನಲ್ಲಿ ಪದ ಹುಡುಕುವಂತೆ, ಪಟ್ಟಿಯ ನಡುವಿಗೆ ಹೋಗಿ, ಬೇಕಾದದ್ದು ಹಿಂದಿದೆಯೋ ಮುಂದಿದೆಯೋ ನೋಡಿ, ಉಳಿದರ್ಧವನ್ನು ಬಿಟ್ಟುಬಿಡುವ ವಿಧಾನ ಅದು. ನಡುವಿನ ಸ್ಥಾನವನ್ನು ಕಂಡುಹಿಡಿಯಲು ಮೊದಲ ಮತ್ತು ಕೊನೆಯ ಸ್ಥಾನಗಳನ್ನು ಕೂಡಿಸಿ ಎರಡರಿಂದ ಭಾಗಿಸುತ್ತಾರೆ. ಇದರಲ್ಲಿ ತಪ್ಪೇನೂ ಇರುವಂತೆ ತೋರುವುದಿಲ್ಲ. ಆದರೆ ಜಾವಾ ಭಾಷೆಯ ಅಧಿಕೃತ ಲೈಬ್ರರಿಯಲ್ಲೇ, ಅಂದರೆ ಸಿದ್ಧ ಕೋಡ್‌ಗಳ ಸಂಗ್ರಹದಲ್ಲೇ, ಈ ಸಾಲು ಸುಮಾರು ಒಂಬತ್ತು ವರ್ಷ ದೋಷವಾಗಿ ಉಳಿದಿತ್ತೆಂದು, ಅದನ್ನು ಬರೆದ ಜೋಶುವಾ ಬ್ಲಾಕ್ ಅವರೇ 2006ರಲ್ಲಿ ಬಹಿರಂಗವಾಗಿ ಬರೆದರು. ಜಾವಾ ಬಳಸುವ 32 ಬಿಟ್‌ಗಳ (0 ಅಥವಾ 1 ಹಿಡಿಯುವ 32 ಸ್ಥಾನಗಳ) ಪೂರ್ಣಾಂಕದಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 2,14,74,83,647. ಪಟ್ಟಿಯಲ್ಲಿ ನೂರೇಳು ಕೋಟಿಗಿಂತ ಹೆಚ್ಚು ಅಂಶಗಳಿದ್ದರೆ ಕೂಡಿಸಿದ ಮೊತ್ತ ಈ ಮಿತಿಯನ್ನು ದಾಟಿ ಋಣ ಸಂಖ್ಯೆಯಾಗಬಹುದು, ಆಗ ಪ್ರೋಗ್ರಾಂ ಕುಸಿದು ಬೀಳುತ್ತದೆ. ಕೊನೆಯದರಿಂದ ಮೊದಲನೆಯದನ್ನು ಕಳೆದು, ಅರ್ಧ ಮಾಡಿ, ಅದನ್ನು ಮೊದಲನೆಯದಕ್ಕೆ ಕೂಡಿಸಿದರೆ ತೊಂದರೆಯಿಲ್ಲ.

ಇಂದಿನ ಎಐ ಸಲಕರಣೆಗಳು ಬೈನರಿ ಸರ್ಚನ್ನು ಸರಿಯಾಗಿಯೇ ಬರೆದುಕೊಡುತ್ತವೆ, ಏಕೆಂದರೆ ಈ ದೋಷ ಪ್ರಸಿದ್ಧವಾದದ್ದು. ಪ್ರಸಿದ್ಧವಲ್ಲದ ದೋಷಗಳ ಮಾತು ಬೇರೆ. ಇಲ್ಲದೇ ಇರುವ ಲೈಬ್ರರಿಯ ಹೆಸರನ್ನು ಇದ್ದಂತೆಯೇ ಸೂಚಿಸುವುದು, ಹತ್ತು ದಾಖಲೆಗಳಿಗೆ ಸರಿಯಾಗಿ ನಡೆದು ಹತ್ತು ಲಕ್ಷಕ್ಕೆ ನಿಂತುಹೋಗುವ ಕೋಡ್ ಕೊಡುವುದು, ಇಬ್ಬರು ಏಕಕಾಲದಲ್ಲಿ ಒಂದೇ ಖಾತೆಯನ್ನು ಮುಟ್ಟಿದರೆ ಏನಾಗುತ್ತದೆಂಬುದನ್ನು ಬಿಟ್ಟುಬಿಡುವುದು, ಇವೆಲ್ಲ ಈಗಲೂ ನಡೆಯುತ್ತವೆ. ಇವುಗಳಲ್ಲಿ ಎರಡನೆಯದನ್ನು ಹಿಡಿಯಲು ಅಲ್ಗಾರಿದಮ್ ಗೊತ್ತಿರಬೇಕು. ಮೂರನೆಯದನ್ನು ಹಿಡಿಯಲು ಆಪರೇಟಿಂಗ್ ಸಿಸ್ಟಂ ಮತ್ತು ಡೇಟಾಬೇಸ್ ಪಾಠಗಳು ಗೊತ್ತಿರಬೇಕು. ಬರೆಯುವ ಶ್ರಮ ಕಡಿಮೆಯಾದಷ್ಟೂ, ಬರೆದದ್ದು ಸರಿಯೇ ಎಂದು ತೀರ್ಮಾನಿಸಬಲ್ಲವರ ಬೆಲೆ ಹೆಚ್ಚುತ್ತದೆ ಎಂಬುದು ನನ್ನ ಅಭಿಪ್ರಾಯ.

ಈ ತೀರ್ಮಾನ ಅನುಭವಸ್ಥರಿಗೂ ಸುಲಭವಲ್ಲ. ಎಂಇಟಿಆರ್ ಎಂಬ ಅಮೆರಿಕದ ಸಂಶೋಧನಾ ಸಂಸ್ಥೆಯು ತಮ್ಮ ಕೋಡನ್ನು ಚೆನ್ನಾಗಿ ಬಲ್ಲ 16 ಮಂದಿ ಓಪನ್ ಸೋರ್ಸ್ (ಯಾರು ಬೇಕಾದರೂ ನೋಡಬಹುದಾದ ಕೋಡಿನ) ಪ್ರೋಗ್ರಾಮರ್‌ಗಳನ್ನು ಪರೀಕ್ಷಿಸಿ 2025ರ ಜುಲೈನಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎಐ ನೆರವು ಪಡೆದಾಗ ಅವರು ಶೇ. 19ರಷ್ಟು ಹೆಚ್ಚು ಸಮಯ ತೆಗೆದುಕೊಂಡರು. ಕೆಲಸ ಮುಗಿದ ಮೇಲೂ ತಾವು ಶೇ. 20ರಷ್ಟು ಬೇಗ ಮುಗಿಸಿದೆವೆಂದೇ ಅವರು ನಂಬಿದ್ದರು. ಇದು ಚಿಕ್ಕ ಅಧ್ಯಯನ, ಸಲಕರಣೆಗಳೂ ಆಮೇಲೆ ಬದಲಾಗಿವೆ. ಆದ್ದರಿಂದ ವೇಗದ ಅಂಕಿಗೆ ನಾನು ಹೆಚ್ಚು ತೂಕ ಕೊಡುವುದಿಲ್ಲ. ತಮ್ಮ ಕೆಲಸದ ಬಗ್ಗೆ ತಮಗಿದ್ದ ಅಂದಾಜೇ ಅಷ್ಟು ತಪ್ಪಿತ್ತೆಂಬುದು ಮಾತ್ರ ಅಧ್ಯಾಪಕನಾದ ನನ್ನನ್ನು ಯೋಚನೆಗೆ ಹಚ್ಚಿತು.

ಎಐ ಎಂಬುದೇ ಈ ಹಳೆಯ ವಿಷಯಗಳ ಮೇಲೆ ನಿಂತಿದೆ ಎಂಬುದನ್ನೂ ಮರೆಯಬಾರದು. ನ್ಯೂರಲ್ ನೆಟ್‌ವರ್ಕ್‌ಗೆ (ಮಿದುಳಿನ ನರಜಾಲದ ಮಾದರಿಯ ಗಣಿತ ರಚನೆಗೆ) ಕಲಿಸುವ, ತಪ್ಪನ್ನು ಹಿಂದಕ್ಕೆ ಹಾಯಿಸಿ ತಿದ್ದುವ ಬ್ಯಾಕ್‌ಪ್ರಾಪಗೇಶನ್ ವಿಧಾನವನ್ನು ಪ್ರಸಿದ್ಧಿಗೆ ತಂದ ಪ್ರಬಂಧ 1986ರದು. ಅದರ ಶಕ್ತಿ ಜಗತ್ತಿಗೆ ಕಂಡದ್ದು 2012ರಲ್ಲಿ, ಅಲೆಕ್ಸ್‌ನೆಟ್ ಎಂಬ ನ್ಯೂರಲ್ ನೆಟ್‌ವರ್ಕ್ ಚಿತ್ರಗಳನ್ನು ಗುರುತಿಸುವ ಸ್ಪರ್ಧೆಯನ್ನು ಗೆದ್ದಾಗ. ಅದನ್ನು ಎರಡು ಗೇಮಿಂಗ್ ಗ್ರಾಫಿಕ್ಸ್ ಕಾರ್ಡ್‌ಗಳ ಮೇಲೆ ತರಬೇತುಗೊಳಿಸಲಾಗಿತ್ತು. ಒಂದೊಂದರಲ್ಲಿ 3 ಜಿಬಿ ಮಾತ್ರ ಮೆಮೊರಿ ಇದ್ದುದರಿಂದ ನೆಟ್‌ವರ್ಕನ್ನೇ ಎರಡು ಭಾಗ ಮಾಡಬೇಕಾಯಿತು. ಇಂದಿಗೂ ಲೆಕ್ಕ ಅದೇ. 700 ಕೋಟಿ ಪ್ಯಾರಾಮೀಟರ್‌ಗಳ (ಕಲಿತದ್ದನ್ನು ಹಿಡಿದಿಡುವ ಸಂಖ್ಯೆಗಳ) ಎಐ ಮಾದರಿಯೊಂದನ್ನು ಒಂದೊಂದಕ್ಕೆ 16 ಬಿಟ್‌ನಂತೆ ಇಟ್ಟರೆ 14 ಜಿಬಿ ಬೇಕು, 4 ಬಿಟ್‌ಗೆ ಇಳಿಸಿದರೆ ಮೂರೂವರೆ ಜಿಬಿ ಸಾಕು, ಅಂದರೆ ಸಾಮಾನ್ಯ ಲ್ಯಾಪ್‌ಟಾಪಿನಲ್ಲೂ ಅದು ನಡೆಯುತ್ತದೆ. ಸಂಖ್ಯೆಗಳನ್ನು ಬಿಟ್‌ಗಳಲ್ಲಿ ಹೇಗೆ ಇಡುತ್ತಾರೆಂಬ, ವಿದ್ಯಾರ್ಥಿಗಳು ಆಕಳಿಸುವ ಪಾಠವೇ ಇದು. ಕನ್ನಡದ ಮಟ್ಟಿಗೂ ಇದು ಅನ್ವಯಿಸುತ್ತದೆ: ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಇಡುವ ಯುಟಿಎಫ್-8 ಸಂಕೇತದಲ್ಲಿ ರೋಮನ್ ಅಕ್ಷರಕ್ಕೆ ಒಂದು ಬೈಟ್ (8 ಬಿಟ್) ಸಾಕು, ನಮ್ಮ ಲಿಪಿಯ ಪ್ರತಿಯೊಂದು ಚಿಹ್ನೆಗೂ ಮೂರು ಬೈಟ್ ಬೇಕು, ಒತ್ತಕ್ಷರ ಬಂದರೆ ಚಿಹ್ನೆಗಳೇ ಹೆಚ್ಚುತ್ತವೆ. ಬಹುಪಾಲು ಇಂಗ್ಲಿಷ್ ಪಠ್ಯದ ಮೇಲೆ ರೂಪಿಸಿದ ಮಾದರಿಗಳು ಕನ್ನಡವನ್ನು ಸಣ್ಣ ಸಣ್ಣ ತುಣುಕುಗಳಾಗಿ ಒಡೆಯುತ್ತವೆ. ತುಣುಕು ಹೆಚ್ಚಾದಷ್ಟೂ ಲೆಕ್ಕದ ಕೆಲಸ ಹೆಚ್ಚುವುದರಿಂದ ಒಂದೇ ವಿಷಯವನ್ನು ಕನ್ನಡದಲ್ಲಿ ಕೇಳಿದರೆ ಖರ್ಚು ಹೆಚ್ಚು. ಇದನ್ನು ಸರಿಪಡಿಸುವ ಕೆಲಸಕ್ಕೆ ಕನ್ನಡವೂ ಅಲ್ಗಾರಿದಮ್ಮೂ ಎರಡೂ ಗೊತ್ತಿರುವವರು ಬೇಕು.

ಕ್ವಾಂಟಮ್ ಕಂಪ್ಯೂಟಿಂಗ್ ಕೋರ್ಸಿಗೆ ಬೇರೆಯಾಗಿ ಹಣ ಕಟ್ಟಬೇಕೆ ಎಂದೂ ಕೇಳಿದ್ದೀರಿ. ಬೇಡ. ಕೇಂದ್ರ ಸರ್ಕಾರ 2023ರಲ್ಲಿ ಸುಮಾರು 6,000 ಕೋಟಿ ರೂಪಾಯಿಯ ರಾಷ್ಟ್ರೀಯ ಕ್ವಾಂಟಮ್ ಮಿಷನ್ನಿಗೆ ಒಪ್ಪಿಗೆ ಕೊಟ್ಟಿದೆ, ಅದರ ಕ್ವಾಂಟಮ್ ಕಂಪ್ಯೂಟಿಂಗ್ ಕೇಂದ್ರ ಬೆಂಗಳೂರಿನ ಐಐಎಸ್‌ಸಿಯಲ್ಲಿದೆ, ನಿಜ. ಆದರೆ ಪದವಿಯ ಹಂತದಲ್ಲಿ ಲೀನಿಯರ್ ಆಲ್ಜಿಬ್ರಾ ಮತ್ತು ಸಂಭವನೀಯತೆ ಗಟ್ಟಿಯಾಗಿದ್ದರೆ ಉಳಿದದ್ದನ್ನು ಆಮೇಲೆ ಕಲಿಯಬಹುದು, ಮಷಿನ್ ಲರ್ನಿಂಗಿಗೂ ಬೇಕಾದದ್ದು ಅವೇ.

ಬದಲಾಗಬೇಕಾದದ್ದು ವಿಷಯಗಳಲ್ಲ, ನಾವು ಪರೀಕ್ಷಿಸುವ ಕ್ರಮ. ಪಟ್ಟಿಯಲ್ಲಿರುವ ಹತ್ತು ಹನ್ನೆರಡು ಪ್ರೋಗ್ರಾಂಗಳನ್ನು ಬಾಯಿಪಾಠ ಮಾಡಿ, ಲ್ಯಾಬ್ ಪರೀಕ್ಷೆಯ ದಿನ ಚೀಟಿ ಎತ್ತಿ, ಬಂದದ್ದನ್ನು ಬರೆದು, ರೆಕಾರ್ಡಿಗೆ ಸಹಿ ಹಾಕಿಸಿಕೊಳ್ಳುವ ಪದ್ಧತಿ ಎಐ ಬರುವ ಮೊದಲೇ ಹಳಸಿತ್ತು. ನಾನು ಈಗ ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಪ್ರೋಗ್ರಾಂ ಬರೆಯಿರಿ ಎಂದು ಕೇಳುವುದಕ್ಕಿಂತ, ಒಂದು ದೋಷ ಸೇರಿಸಿದ ಪ್ರೋಗ್ರಾಮನ್ನು ಕೊಟ್ಟು, ಯಾವ ಇನ್‌ಪುಟ್ ಕೊಟ್ಟರೆ ಇದು ತಪ್ಪು ಉತ್ತರ ಕೊಡುತ್ತದೆ ಎಂದು ಕೇಳುತ್ತೇನೆ. ಪಟ್ಟಿಯನ್ನೆಲ್ಲ ಕಂಠಪಾಠ ಮಾಡಿದ ವಿದ್ಯಾರ್ಥಿಗಳು ತಡವರಿಸುತ್ತಾರೆ. ಸ್ವತಃ ಬರೆದು, ತಪ್ಪಿ, ತಿದ್ದಿಕೊಂಡವರು ಕಾಗದದ ಮೇಲೆ ಅತಿ ಚಿಕ್ಕ, ಅತಿ ದೊಡ್ಡ ಇನ್‌ಪುಟ್‌ಗಳಂಥ ಅಂಚಿನ ಬೆಲೆಗಳನ್ನು ಹಾಕಿ ನೋಡಲು ಆರಂಭಿಸುತ್ತಾರೆ. ನಿಮ್ಮ ಮಗಳಿಗೂ ಇದನ್ನೇ ಹೇಳಿ: ಮೊದಲ ಎರಡು ಸೆಮಿಸ್ಟರ್ ತಾನೇ ಬರೆಯಲಿ, ಎಐಯನ್ನು ತನ್ನ ಕೋಡಿನ ತಪ್ಪು ಹುಡುಕಲಷ್ಟೇ ಬಳಸಲಿ; ಆಮೇಲೆ ಅದರಿಂದ ಬರೆಸಿ, ಅದರ ತಪ್ಪನ್ನು ತಾನು ಹುಡುಕಲಿ.

ಲ್ಯಾಪ್‌ಟಾಪ್ ವಿಷಯ: 16 ಜಿಬಿ ರ‍್ಯಾಮ್ ಮತ್ತು ಎಸ್‌ಎಸ್‌ಡಿ ಇರುವ ಸಾಧಾರಣ ಯಂತ್ರ ಮೊದಲ ಎರಡು ವರ್ಷಗಳಿಗೆ ಧಾರಾಳವಾಗಿ ಸಾಕು. ಗ್ರಾಫಿಕ್ಸ್ ಕಾರ್ಡ್ ಬೇಕೆನಿಸಿದಾಗ ಇಂಟರ್ನೆಟ್ ಮೂಲಕ ಬಳಸುವ ಗೂಗಲ್ ಕೋಲ್ಯಾಬ್‌ನಂಥ ಕಡೆ ಮಿತವಾಗಿ ಉಚಿತವಾಗಿಯೇ ಸಿಗುತ್ತದೆ. ಅಂತಿಮ ವರ್ಷದ ಪ್ರಾಜೆಕ್ಟಿಗೆ ನಿಜವಾಗಿ ಬೇಕಾದರೆ ಆಗ ಕೊಳ್ಳಬಹುದು. ಈಗ ಕೊಂಡದ್ದು ಅಷ್ಟರಲ್ಲಿ ಹೇಗೂ ಹಳೆಯದಾಗಿರುತ್ತದೆ.