ಛಾಯಾಗ್ರಹಣ ಪ್ರಶ್ನೋತ್ತರ: ಸ್ಟುಡಿಯೋ ಭಾವಚಿತ್ರದ ಬೆಳಕು ಮತ್ತು ರೀಟಚಿಂಗ್

ಪ್ರಶ್ನೆ: ಹೊಸದಾಗಿ ಚಿಕ್ಕ ಸ್ಟುಡಿಯೋ ಆರಂಭಿಸಿದ್ದೇನೆ. ಕೂತವರಿಂದ ಸುಮಾರು 2.4 ಮೀಟರ್ ದೂರದಲ್ಲಿ, ಎಡಕ್ಕೊಂದು ಬಲಕ್ಕೊಂದರಂತೆ 60 ಸೆಂ.ಮೀ. ಸಾಫ್ಟ್‌ಬಾಕ್ಸ್ (ಬೆಳಕನ್ನು ಹರಡಲು ಮುಂದೆ ಬಿಳಿ ಬಟ್ಟೆ ಕಟ್ಟಿದ ಪೆಟ್ಟಿಗೆ) ಹಾಕಿದ ಎರಡು ಫ್ಲ್ಯಾಶ್‌ಗಳನ್ನು ಒಂದೇ ಶಕ್ತಿಯಲ್ಲಿ ಬಳಸುತ್ತಿದ್ದೇನೆ. ಆದರೂ ಚರ್ಮದ ಒರಟುತನ ಎದ್ದು ಕಾಣುತ್ತದೆ, ಹಣೆ ಮತ್ತು ಮೂಗು ಹೊಳೆಯುತ್ತವೆ, ಒಂದೊಂದು ಚಿತ್ರಕ್ಕೂ ಗಂಟೆಗಟ್ಟಲೆ ರೀಟಚಿಂಗ್ (ತೆಗೆದ ಚಿತ್ರವನ್ನು ತಿದ್ದುವ ಕೆಲಸ) ಬೇಕಾಗುತ್ತದೆ. ಇದಕ್ಕೆ ಯಾವ ಸಾಫ್ಟ್‌ವೇರ್ ಒಳ್ಳೆಯದು?

ಉತ್ತರ: ಸಾಫ್ಟ್‌ವೇರಿನ ಮಾತು ಆಮೇಲೆ, ಮೊದಲು ಲೈಟ್ ಸ್ಟ್ಯಾಂಡನ್ನು ಮುಂದಕ್ಕೆ ತನ್ನಿ. ಸಾಫ್ಟ್‌ಬಾಕ್ಸ್ ಹಾಕಿದ ಮಾತ್ರಕ್ಕೆ ಬೆಳಕು ಮೃದುವಾಗುವುದಿಲ್ಲ. ಕೂತವರ ಕಣ್ಣಿಗೆ ಆ ಪೆಟ್ಟಿಗೆ ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂಬುದರ ಮೇಲೆ ನೆರಳಿನ ಅಂಚು ನಿರ್ಧಾರವಾಗುತ್ತದೆ, 2.4 ಮೀಟರ್ ದೂರದಲ್ಲಿ ನಿಮ್ಮ ಪೆಟ್ಟಿಗೆ ಬಹಳ ಚಿಕ್ಕದು. ಅದನ್ನು 1.2 ಮೀಟರಿಗೆ ತಂದರೆ ಮುಖದ ಮೇಲೆ ಬೀಳುವ ಬೆಳಕು ಹೆಚ್ಚುಕಡಿಮೆ ನಾಲ್ಕು ಪಟ್ಟಾಗುವುದರಿಂದ ಫ್ಲ್ಯಾಶಿನ ಶಕ್ತಿಯನ್ನು ಕಾಲು ಭಾಗಕ್ಕೆ ಇಳಿಸಬೇಕು. ಹಾಗೆ ಇಳಿಸಿದಾಗ ಹಿಂದಿನ ಪರದೆಗೆ ತಲುಪುವ ಬೆಳಕೂ ಕಡಿಮೆಯಾಗಿ ಅದು ಮೊದಲಿಗಿಂತ ಕಪ್ಪಾಗಿ ಕಾಣುತ್ತದೆ, ಇದಕ್ಕೆ ಗಾಬರಿಯಾಗಬೇಕಿಲ್ಲ.

ಎರಡನೆಯ ಲೈಟನ್ನು ಸದ್ಯಕ್ಕೆ ಆರಿಸಿಬಿಡಿ. ಎರಡೂ ಕಡೆಯಿಂದ ಸಮನಾದ ಬೆಳಕು ಬಂದರೆ ಮೂಗಿಗೆ ಎರಡು ನೆರಳು ಬೀಳುತ್ತದೆ. ಮುಖದ ನಡುಭಾಗ ಮಂಕಾಗಿ, ಕೆನ್ನೆಗಳ ಮೇಲೆ ಬೆಳಕು ಓರೆಯಾಗಿ ಸವರಿಕೊಂಡು ಹೋಗುತ್ತದೆ. ಚರ್ಮದ ಪ್ರತಿ ಗುಳಿಗೂ ಒಂದು ಪುಟ್ಟ ನೆರಳು ಕೊಡುವುದು ಈ ಓರೆ ಬೆಳಕೇ. ಒಂದೇ ಲೈಟನ್ನು ಮುಖದಿಂದ 30–45 ಡಿಗ್ರಿ ಪಕ್ಕಕ್ಕೆ, ಕಣ್ಣಿನ ಮಟ್ಟಕ್ಕಿಂತ ಮೇಲಿಟ್ಟು, ನೆರಳಿನ ಕಡೆಗೆ ಬಿಳಿ ಥರ್ಮೋಕೋಲ್ ಹಲಗೆಯನ್ನು ನಿಲ್ಲಿಸಿ ನೋಡಿ. ಹಲಗೆ ಹತ್ತಿರ ಬಂದಷ್ಟೂ ನೆರಳು ತಿಳಿಯಾಗುತ್ತದೆ. ಲೈಟಿನ ಎತ್ತರ ಸರಿಯಿದೆಯೇ ಎಂದು ತಿಳಿಯಲು ಕಣ್ಣುಗುಡ್ಡೆಯನ್ನೇ ಗಮನಿಸಿ: ಅದರ ಮೇಲ್ಭಾಗದಲ್ಲಿ ಬೆಳಕಿನ ಬಿಂಬವೊಂದು ಮಿನುಗಬೇಕು. ಬಿಂಬವಿಲ್ಲದೆ ಕಣ್ಣು ಕಪ್ಪಾಗಿದ್ದರೆ ಲೈಟು ಹೆಚ್ಚು ಮೇಲಿದೆ ಎಂದೇ ಅರ್ಥ. ಕಣ್ಣ ಕೆಳಗಿನ ಕಪ್ಪೂ ಅನೇಕ ಸಲ ಹೀಗೆ ನಾವೇ ತಂದುಕೊಂಡದ್ದಾಗಿರುತ್ತದೆ.

ಹೊಳಪಿನ ವಿಚಾರ ಸ್ವಲ್ಪ ಬೇರೆ. ಅದು ಲೈಟಿನದೇ ಪ್ರತಿಬಿಂಬವಾದ್ದರಿಂದ, ಲೈಟು ದೊಡ್ಡದಾದಂತೆ ಹೊಳಪು ಹರಡಿಕೊಂಡು ಸೌಮ್ಯವಾಗುತ್ತದೆ. ಉಳಿದ ಜಿಡ್ಡನ್ನು ಚಿತ್ರ ತೆಗೆಯುವ ಮೊದಲೇ ಟಿಶ್ಯೂ ಕಾಗದದಿಂದ ಒತ್ತಿ ತೆಗೆಯಿರಿ; ಉಜ್ಜಿದರೆ ಚರ್ಮ ಕೆಂಪಾಗುತ್ತದೆ. ಹೊಳಪನ್ನು ಪೂರ್ತಿ ಅಳಿಸುವ ಹಟ ಮಾತ್ರ ಬೇಡ. ಕಪ್ಪು ಮೈಬಣ್ಣದ ಮುಖದಲ್ಲಿ ಕೆನ್ನೆಲುಬು, ಹಣೆ, ದವಡೆಗಳ ಆಕಾರ ಮುಖ್ಯವಾಗಿ ಈ ಹೊಳಪಿನಿಂದಲೇ ಮೂಡುವುದರಿಂದ, ಅದನ್ನು ತೆಗೆದರೆ ಮುಖ ಚಪ್ಪಟೆಯಾಗಿಬಿಡುತ್ತದೆ.

ಪ್ರಶ್ನೆ: ಕನ್ನಡಕ ಹಾಕಿದವರ ಚಿತ್ರದಲ್ಲಿ ಗಾಜಿನ ಮೇಲೆ ಸಾಫ್ಟ್‌ಬಾಕ್ಸ್ ಬಿಂಬ ಕಾಣುತ್ತದೆ. ಏನು ಮಾಡಲಿ?

ಉತ್ತರ: ಲೈಟನ್ನು ಇನ್ನಷ್ಟು ಮೇಲಕ್ಕೆ ಅಥವಾ ಪಕ್ಕಕ್ಕೆ ಸರಿಸಿ. ಅಷ್ಟಕ್ಕೂ ಹೋಗದಿದ್ದರೆ, ಕನ್ನಡಕದ ಕಡ್ಡಿಗಳನ್ನು ಕಿವಿಯಿಂದ ತುಸುವೇ ಮೇಲೆತ್ತಿ ಕೂರಿಸಲು ಹೇಳಿ. ಗಾಜು ಕೆಳಮುಖವಾಗಿ ಬಾಗಿ ಬಿಂಬ ಕ್ಯಾಮೆರಾದಿಂದ ತಪ್ಪಿಹೋಗುತ್ತದೆ. ಕಣ್ಣಿನ ಮೇಲೆಯೇ ಬಿದ್ದ ಬಿಂಬವನ್ನು ಕಂಪ್ಯೂಟರಿನಲ್ಲಿ ಅಳಿಸುವುದೆಂದರೆ ಕಣ್ಣನ್ನೇ ಹೊಸದಾಗಿ ಬರೆದಂತೆ.

ಪ್ರಶ್ನೆ: ಒಬ್ಬರು ಸುಕ್ಕುಗಳೆಲ್ಲ ಹೋಗಬೇಕೆನ್ನುತ್ತಾರೆ, ಇನ್ನೊಬ್ಬರು ಮಚ್ಚೆ ತೆಗೆದದ್ದಕ್ಕೆ ಬೇಸರಪಡುತ್ತಾರೆ. ರೀಟಚಿಂಗ್ ಎಲ್ಲಿಗೆ ನಿಲ್ಲಬೇಕು?

ಉತ್ತರ: ಮುಖ ತಿದ್ದುವ ಕೆಲಸ ಕಂಪ್ಯೂಟರಿನ ಜೊತೆ ಬಂದದ್ದಲ್ಲ. ನೆಗೆಟಿವ್ ಕಾಲದಲ್ಲಿ, ಫಿಲ್ಮಿನ ಮೇಲೆ ಕಪ್ಪು-ಬಿಳುಪು ತಿರುಗುಮುರುಗಾಗಿ ಮೂಡುವುದರಿಂದ, ಸುಕ್ಕಿನ ಗೆರೆ ನೆಗೆಟಿವ್‌ನಲ್ಲಿ ತೆಳುವಾಗಿ, ಅಂದರೆ ಸುತ್ತಲಿಗಿಂತ ಪಾರದರ್ಶಕವಾಗಿ ಇರುತ್ತಿತ್ತು; ಚೂಪಾದ ಪೆನ್ಸಿಲ್ಲಿನಿಂದ ಅದರ ಮೇಲೆ ನವಿರಾಗಿ ಗೀರಿ ತುಂಬಿದರೆ ಮುದ್ರಣದಲ್ಲಿ ಆ ಗೆರೆ ತಿಳಿಯಾಗುತ್ತಿತ್ತು. ಫೋಟೋಶಾಪ್‌ಗೆ 2002ರಲ್ಲಿ ಹೀಲಿಂಗ್ ಬ್ರಷ್ (ಸುತ್ತಲಿನ ಚರ್ಮಕ್ಕೆ ಹೊಂದುವಂತೆ ಕಲೆಯನ್ನು ಮುಚ್ಚುವ ಸಾಧನ) ಬಂದ ಮೇಲೆ ಕೆಲಸ ಸುಲಭವಾಯಿತು, ಅತಿರೇಕವೂ ಸುಲಭವಾಯಿತು.

ಈ ಕಸುಬಿನಲ್ಲಿ ಬಹಳ ಜನ ಒಪ್ಪಿರುವ ಕ್ರಮವೊಂದಿದೆ. ಮೊಡವೆ, ಗೀರುಗಾಯ, ತುಟಿಯ ಒಡಕಿನಂತೆ ಕೆಲವು ದಿನಗಳಲ್ಲಿ ತಾನಾಗಿ ಹೋಗುವುದನ್ನು ಕೇಳದೆಯೇ ತೆಗೆಯಬಹುದು; ಮಚ್ಚೆ, ಹಳೆಯ ಗಾಯದ ಗುರುತು, ಸುಕ್ಕುಗಳಂತೆ ಮುಖದೊಡನೆ ಉಳಿಯುವುದನ್ನು ಅವರು ಬಾಯಿಬಿಟ್ಟು ಹೇಳಿದ ಹೊರತು ಮುಟ್ಟಬಾರದು. ಸುಕ್ಕು ತೆಗೆಯಲೇಬೇಕೆಂದಾಗಲೂ ಪೂರ್ತಿ ಅಳಿಸದೆ, ಪ್ರತ್ಯೇಕ ಲೇಯರಿನಲ್ಲಿ (ಮೂಲ ಚಿತ್ರದ ಮೇಲಿನ ಬೇರೆ ಪದರದಲ್ಲಿ) ಕೆಲಸ ಮಾಡಿ, ಕೊನೆಯಲ್ಲಿ ಆ ಲೇಯರಿನ ಒಪ್ಯಾಸಿಟಿಯನ್ನು, ಅಂದರೆ ಅದು ಕಾಣುವ ಗಾಢತೆಯನ್ನು, ಅರ್ಧಕ್ಕೆ ತನ್ನಿ. ನಗುವಾಗ ಕಣ್ಣಂಚಿನಲ್ಲಿ ಮೂಡುವ ಗೆರೆಗಳನ್ನು ಪೂರ್ತಿ ಒರೆಸಿದರೆ ಬಾಯಿ ನಗುತ್ತಿರುತ್ತದೆ, ಕಣ್ಣು ನಗುವುದಿಲ್ಲ. ಇಡೀ ಮುಖಕ್ಕೆ ಬ್ಲರ್ ಹಚ್ಚಿ ಮಸುಕಾಗಿಸುವುದನ್ನಂತೂ ನಾನು ರೀಟಚಿಂಗ್ ಎಂದು ಕರೆಯಲಾರೆ.

ಚಿತ್ರವನ್ನು ಹಿಗ್ಗಿಸಿಕೊಂಡು ತಿದ್ದುತ್ತಾ ಕೂತರೆ ಯಾರ ಕಣ್ಣಿಗೂ ಬೀಳದ ಕಲೆಗಳೂ ದೊಡ್ಡ ದೋಷಗಳಾಗಿ ತೋರುತ್ತವೆ. ಆಗಾಗ ಮುದ್ರಣದ ಗಾತ್ರಕ್ಕೆ ಇಳಿಸಿ ನೋಡಿ, ಕಾಣದ್ದನ್ನು ಬಿಟ್ಟುಬಿಡಿ. ಮೈಬಣ್ಣ ತಿಳಿಯಾಗಿಸಿ ಎಂಬ ಕೋರಿಕೆ ಬಂದಾಗ, ಮುಖವೊಂದನ್ನೇ ಬೆಳ್ಳಗೆ ಮಾಡಿದರೆ ಕುತ್ತಿಗೆ ಮತ್ತು ಕೈಗಳು ಬೇರೆಯವರವೆಂಬಂತೆ ಕಾಣುತ್ತವೆ ಎಂಬುದನ್ನು ಪರದೆಯ ಮೇಲೆ ತೋರಿಸಿ. ಹೆಚ್ಚಿನವರು ಅಲ್ಲಿಗೇ ಸುಮ್ಮನಾಗುತ್ತಾರೆ. ಪಾಸ್‌ಪೋರ್ಟಿನಂಥ ಗುರುತಿನ ದಾಖಲೆಗಳ ಚಿತ್ರದಲ್ಲಿ ಮಾತ್ರ ಮೊಡವೆಯನ್ನೂ ಮುಟ್ಟದಿರುವುದು ಕ್ಷೇಮ.