ಶತಪದಿ ಸಾಕಣೆಗೆ ಆಮದು ಪರವಾನಗಿ ಹುಡುಕುವ ಮುನ್ನ

ವಿಯೆಟ್ನಾಂನಿಂದ ಜೀವಂತ ಶತಪದಿಗಳನ್ನು ತರಿಸಿ, ಬೆಂಗಳೂರಿನ ಹೊರವಲಯದಲ್ಲಿ ಸಾಕಿ, ಹೋಟೆಲುಗಳಿಗೆ ಮಾರಲು ಯಾವ ಪರವಾನಗಿ ಬೇಕೆಂದು ಕೇಳಿದ್ದೀರಿ. ಇದೇ ಯೋಜನೆಗೆ ನಾನೂ ಹಣ ಹಾಕಿ ಕಳೆದುಕೊಂಡಿದ್ದೇನೆ. ಶಿಡ್ಲಘಟ್ಟದ ಕಡೆಯ ರೇಷ್ಮೆ ಬೆಳೆಗಾರರ ಮನೆಯಲ್ಲಿ ಬೆಳೆದ ನನಗೆ, ಹುಳು ಸಾಕುವ ಕೈಗೆ ಶತಪದಿಯೂ ಒಗ್ಗುತ್ತದೆ ಎಂಬ ನಂಬಿಕೆಯಿತ್ತು. ಚೀನೀ ವೈದ್ಯದಲ್ಲಿ ಒಣಗಿಸಿದ ಶತಪದಿಗೆ ಇರುವ ಬೇಡಿಕೆಯ ಬಗ್ಗೆ ಓದಿದ ಮೇಲಂತೂ ಅದು ಇನ್ನಷ್ಟು ಗಟ್ಟಿಯಾಯಿತು.

ನನ್ನನ್ನು ಮುಳುಗಿಸಿದ್ದು ಒಂದು ಪ್ರಮಾಣಪತ್ರ. ಮಾರಾಟಗಾರ ತನ್ನ ದೇಶದ ಆರೋಗ್ಯ ಪ್ರಮಾಣಪತ್ರದ ಮಾದರಿಯನ್ನು ಕಳಿಸಿದಾಗ, ಅದನ್ನೇ ಅನುಮತಿಯೆಂದು ಭಾವಿಸಿ ಮುಂಗಡ ಕಟ್ಟಿಬಿಟ್ಟೆ. ಆ ಪತ್ರ ಹೇಳುವುದು ಪ್ರಾಣಿ ರೋಗವಿಲ್ಲದೆ ಅಲ್ಲಿಂದ ಹೊರಡುತ್ತಿದೆ ಎಂಬುದನ್ನು ಮಾತ್ರ. ಇಲ್ಲಿ ಇಳಿಸಿಕೊಳ್ಳಬಹುದೇ ಎಂಬುದನ್ನು ನಿರ್ಧರಿಸುವುದು ನಮ್ಮ ಸರ್ಕಾರ. ಇಂಥ ಜೀವಂತ ಪ್ರಾಣಿಗಳ ಆಮದಿಗೆ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಪರವಾನಗಿಯೂ ಕ್ವಾರಂಟೈನ್ ಅಧಿಕಾರಿಗಳ ಒಪ್ಪಿಗೆಯೂ ಸರಕು ಹೊರಡುವ ಮೊದಲೇ ಕೈಯಲ್ಲಿರಬೇಕು. ಅವಿಲ್ಲದೆ ಬಂದ ಸರಕನ್ನು 1962ರ ಕಸ್ಟಮ್ಸ್ ಕಾಯ್ದೆಯಡಿ ಮುಟ್ಟುಗೋಲು ಹಾಕಿಕೊಳ್ಳಬಹುದು, ಮತ್ತು ಜೀವಂತ ಸರಕು ನೀವು ಕಾಗದ ಹೊಂದಿಸುವವರೆಗೆ ಗೋದಾಮಿನಲ್ಲಿ ಕಾಯುವುದಿಲ್ಲ. ಕಸ್ಟಮ್ಸ್ ಏಜೆಂಟರು ಇದನ್ನೆಲ್ಲ ಬಿಡಿಸಿ ಹೇಳಿದರು. ಶತಪದಿ ಕೀಟವರ್ಗಕ್ಕೆ ಸೇರದ ಕಾರಣ ಸುಂಕದ ಪಟ್ಟಿಯಲ್ಲಿ ಕೀಟಗಳಿಗಿರುವ ಶೀರ್ಷಿಕೆಯೂ ಅದಕ್ಕೆ ಹೊಂದುವುದಿಲ್ಲವೆಂದರು. ನಾನು ಸರಕನ್ನು ತಡೆಸಿದೆ, ಮುಂಗಡ ಮಾತ್ರ ಹಿಂದಿರುಗಲಿಲ್ಲ. ಪರವಾನಗಿ ಕೈಗೆ ಬರುವ ಮೊದಲು ಒಂದು ರೂಪಾಯಿಯನ್ನೂ ಕಳಿಸಬೇಡಿ.

ಆದರೆ ನಿಮ್ಮ ಪ್ರಶ್ನೆಯೇ ತಪ್ಪು ತುದಿಯಿಂದ ಆರಂಭವಾಗಿದೆ. ಪರವಾನಗಿ ಸಿಕ್ಕರೂ ಶತಪದಿ ಲಾಭದ ಸಾಕಣೆಗೆ ಒಗ್ಗುವ ಪ್ರಾಣಿಯಲ್ಲ. ರೇಷ್ಮೆ ಹುಳು ಸೊಪ್ಪು ತಿಂದು, ಒಂದೇ ತಟ್ಟೆಯಲ್ಲಿ ಸಾವಿರಾರು ಜೊತೆಯಾಗಿದ್ದು, ತಿಂಗಳೊಳಗೆ ಗೂಡು ಕಟ್ಟುತ್ತದೆ. ಶತಪದಿ ಬೇಟೆಗಾರ. ಅದಕ್ಕೆ ಜೀವಂತ ಆಹಾರ ಬೇಕು, ಒಟ್ಟಿಗಿಟ್ಟರೆ ಒಂದನ್ನೊಂದು ತಿನ್ನುತ್ತದೆ, ಮೊಟ್ಟೆಗಳನ್ನು ಸುತ್ತಿಕೊಂಡು ಕಾಯುವ ತಾಯಿಯನ್ನು ಕೆಣಕಿದರೆ ಅವನ್ನೇ ತಿಂದುಬಿಡಬಹುದು, ದೊಡ್ಡ ಜಾತಿಗಳು ಬೆಳೆದು ನಿಲ್ಲಲು ವರ್ಷಗಳೇ ಬೇಕು. ಅದರ ಹೊಟ್ಟೆ ತುಂಬಿಸಲು ಜೀರುಂಡೆ (ಕ್ರಿಕೆಟ್ ಕೀಟ) ಸಾಕುವ ಬದಲು ಆ ಜೀರುಂಡೆಯನ್ನೇ ಬೆಳೆಸುವುದು ಜಾಣತನ.

ಇನ್ನು ತಟ್ಟೆಗೆ ಬಡಿಸುವ ಮಾತು. ಇಲ್ಲಿ ಜನ ತಿಂದು ರೂಢಿಯಿಲ್ಲದ ಆಹಾರಕ್ಕೆ ಆಹಾರ ಸುರಕ್ಷತಾ ಪ್ರಾಧಿಕಾರದ 2017ರ ನಿಯಮಗಳಂತೆ ಪೂರ್ವಾನುಮೋದನೆ ಬೇಕು. ಆಮದು ಪರವಾನಗಿ ಅದರ ಬದಲಿಗೆ ನಿಲ್ಲುವುದಿಲ್ಲ. ಅಪಾಯವೂ ಕಾಲ್ಪನಿಕವಲ್ಲ: ಚೀನಾದ ಗುವಾಂಗ್‌ಝೌನಲ್ಲಿ ಹಸಿ ಶತಪದಿ ತಿಂದ ತಾಯಿ ಮತ್ತು ಮಗನಿಗೆ ಇಲಿಗಳ ಶ್ವಾಸಕೋಶದ ಹುಳುವಿನ ಸೋಂಕು ತಗುಲಿ ಮೆದುಳುಪೊರೆಯ ಉರಿಯೂತವಾದ ಪ್ರಕರಣವನ್ನು ವೈದ್ಯರು 2018ರಲ್ಲಿ ವರದಿ ಮಾಡಿದ್ದಾರೆ.

ಹುಳುಗಳನ್ನು ಆಹಾರವಾಗಿ ಮಾರುವುದರಲ್ಲೇ ನಿಮಗೆ ಆಸಕ್ತಿಯಿದ್ದರೆ ವಿಯೆಟ್ನಾಂ ಬಿಟ್ಟು ರಾಮನಗರ, ಶಿಡ್ಲಘಟ್ಟಗಳಲ್ಲಿ ರೇಷ್ಮೆ ಗೂಡಿನಿಂದ ನೂಲು ಬಿಚ್ಚುವ ರೀಲರ್‌ಗಳ ಬಳಿ ಹೋಗಿ. ನೂಲು ಬಿಚ್ಚಿದ ಮೇಲೆ ಗೂಡಿನೊಳಗೆ ಉಳಿಯುವ ಕೋಶಗಳು (ಪ್ಯೂಪಾ) ಇಂದು ಕೋಳಿ, ಮೀನುಗಳ ಆಹಾರಕ್ಕೆ ಹೋಗುತ್ತಿವೆ. 2024ರ ಜುಲೈನಲ್ಲಿ ಸಿಂಗಪುರ ಆಹಾರವಾಗಿ ಒಪ್ಪಿದ 16 ಕೀಟಗಳಲ್ಲಿ ರೇಷ್ಮೆ ಹುಳುವೂ ಇದೆ, ಅಸ್ಸಾಮಿನಲ್ಲಿ ಎರಿ ರೇಷ್ಮೆಯ ಕೋಶವನ್ನು ಜನ ಇಷ್ಟಪಟ್ಟು ತಿನ್ನುತ್ತಾರೆ. ಮನುಷ್ಯರಿಗೆ ಮಾರಲು ಇದಕ್ಕೂ ಅನುಮೋದನೆ ಬೇಕೇ ಎಂದು ಪ್ರಾಧಿಕಾರಕ್ಕೆ ಮೊದಲೇ ಬರೆದು ಕೇಳಿ, ಮತ್ತು ಒಣಗಿಸುವ ವ್ಯವಸ್ಥೆಯನ್ನು ರೀಲಿಂಗ್ ಘಟಕದ ಪಕ್ಕದಲ್ಲೇ ಮಾಡಿಕೊಳ್ಳಿ. ಒದ್ದೆ ಕೋಶ ಬಹುಬೇಗ ಕೆಟ್ಟು ನಾರುತ್ತದೆ.