ಗುಂಪಿನ ಮಾತುಕತೆ ಹೊಸಬರ ಕೈಗೆ ಸಿಗಬೇಕಾದರೆ

ಮುಕ್ತ ತಂತ್ರಾಂಶ ಯೋಜನೆಗಳ ಚಾಟ್ ಗುಂಪುಗಳಲ್ಲಿ ನಡೆದ ಚರ್ಚೆಯನ್ನು ಹೊಸದಾಗಿ ಬರುವವರಿಗಾಗಿ ದಾಖಲಿಸಿಡುವುದು ಹೇಗೆ ಎಂದು ಕೇಳಿ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ಎತ್ತಿಕೊಂಡಿದ್ದೇವೆ.

ಪ್ರಶ್ನೆ: ನಾವು ಕೆಲವರು ಸೇರಿ ಮುಕ್ತ ತಂತ್ರಾಂಶಗಳನ್ನು ಕನ್ನಡಕ್ಕೆ ಅನುವಾದಿಸುತ್ತೇವೆ. ಮೂರು ವರ್ಷದ ಚರ್ಚೆಯೆಲ್ಲ ಟೆಲಿಗ್ರಾಂ ಗುಂಪಿನಲ್ಲಿದೆ. ಹೊಸಬರು ಬಂದಾಗಲೆಲ್ಲ ಕೇಳಿದ್ದನ್ನೇ ಕೇಳುತ್ತಾರೆ. ಇಡೀ ಚಾಟನ್ನು ಇಳಿಸಿ ಗಿಟ್‌ಹಬ್‌ಗೆ (ಕೋಡು ಇಟ್ಟು ಹಂಚಿಕೊಳ್ಳುವ ತಾಣ) ಹಾಕಿದರೆ ಸಾಕಲ್ಲವೇ? — ಅನುವಾದಕರೊಬ್ಬರು, ತುಮಕೂರು

ಉತ್ತರ: ಹಾಗೇ ಹಾಕಬೇಡಿ. ಚಾಟಿನಲ್ಲಿ ತೀರ್ಮಾನ ಒಂದೇ ಕಡೆ ಇರುವುದಿಲ್ಲ. ಸೋಮವಾರ ಒಬ್ಬರು ಸೂಚಿಸಿದ ಪದವನ್ನು ಗುರುವಾರ ಇನ್ನೊಬ್ಬರು ಕಾರಣ ಕೊಟ್ಟು ಬೇಡವೆಂದಿರುತ್ತಾರೆ. ನಡುವೆ ಇನ್ನೂರು ಸಂದೇಶ, ಹಬ್ಬದ ಶುಭಾಶಯ. ಹುಡುಕಿದಾಗ ಸೋಮವಾರದ ಮಾತು ಸಿಕ್ಕರೆ ಹೊಸಬರು ಅದನ್ನೇ ನಂಬಿಕೊಂಡು ಕೆಲಸ ಶುರುಮಾಡುತ್ತಾರೆ. ಪೂರ್ತಿ ಚಾಟು ನಿಮ್ಮ ಬಳಿ ಸಾಕ್ಷಿಯಾಗಿ ಇರಲಿ. ಹೊಸಬರಿಗೆ ಕೊಡಬೇಕಾದದ್ದು ಅದರಿಂದ ಆರಿಸಿ ಬರೆದ ಪುಟಗಳು.

ಮೊದಲು ಇಳಿಸುವ ಕೆಲಸ. ಇದಕ್ಕೆ ಕಂಪ್ಯೂಟರಿನ ಟೆಲಿಗ್ರಾಂ ಡೆಸ್ಕ್‌ಟಾಪ್ ಬಳಸಿ. ಗುಂಪು ತೆರೆದು, ಬಲಮೇಲ್ತುದಿಯ ಮೂರು ಚುಕ್ಕೆ ಒತ್ತಿ ‘ಎಕ್ಸ್‌ಪೋರ್ಟ್ ಚಾಟ್ ಹಿಸ್ಟರಿ’ ಆರಿಸಿ. ಚಿತ್ರ, ವಿಡಿಯೊಗಳ ಗುರುತು ತೆಗೆಯಿರಿ, ಇಲ್ಲದಿದ್ದರೆ ಗಿಗಾಬೈಟುಗಟ್ಟಲೆ ಇಳಿಯುತ್ತದೆ. ರೂಪ ಕೇಳಿದಾಗ ಜೇಸನ್ (ಯಂತ್ರ ಸುಲಭವಾಗಿ ಓದುವ ಪಠ್ಯರೂಪ) ಎನ್ನಿ. ಎಚ್‌ಟಿಎಂಎಲ್ (ಜಾಲಪುಟದ ರೂಪ) ಕಣ್ಣಿಗೆ ಹಿತ, ಆದರೆ ಆರಿಸುವ ಕೆಲಸಕ್ಕೆ ಜೇಸನ್ ಬೇಕು. ಅದರಲ್ಲಿ ಪ್ರತಿ ಸಂದೇಶಕ್ಕೂ ಒಂದು ಸಂಖ್ಯೆ, ದಿನಾಂಕ, ಕಳಿಸಿದವರ ಹೆಸರು ಇರುತ್ತದೆ. ಯಾವುದಕ್ಕಾದರೂ ಕೊಟ್ಟ ಉತ್ತರವಾಗಿದ್ದರೆ ಆ ಮೂಲ ಸಂದೇಶದ ಸಂಖ್ಯೆಯೂ ಇರುತ್ತದೆ.

ಈ ಕಡತ ಓದಲು ಹಲವರು ಬರೆಯುವ ಸ್ಕ್ರಿಪ್ಟು (ಪುಟ್ಟ ಪ್ರೋಗ್ರಾಂ) ಇಲ್ಲೊಂದು ಕಡೆ ಮುಗ್ಗರಿಸುತ್ತದೆ. ಬರಿಯ ಮಾತಿದ್ದರೆ ‘ಟೆಕ್ಸ್ಟ್’ ಎಂಬ ಭಾಗ ಸಾದಾ ವಾಕ್ಯವಾಗಿರುತ್ತದೆ. ಕೊಂಡಿಯೋ ದಪ್ಪಕ್ಷರವೋ ಕೋಡಿನ ತುಣುಕೋ ಸೇರಿದರೆ ಅದೇ ಭಾಗ ತುಂಡುಗಳ ಪಟ್ಟಿಯಾಗಿಬಿಡುತ್ತದೆ. ವಾಕ್ಯ ಮಾತ್ರ ಓದುವ ಸ್ಕ್ರಿಪ್ಟು ಅಂಥವನ್ನು ಬಿಟ್ಟು ಮುಂದೆ ಹೋಗುತ್ತದೆ. ಕೊಂಡಿ, ಕೋಡು ಇರುವ ಸಂದೇಶಗಳೇ ನಿಮಗೆ ಬೇಕಾದವು! ಪಟ್ಟಿಯಾಗಿದ್ದರೆ ತುಂಡುಗಳನ್ನು ಜೋಡಿಸಿ ಓದುವಂತೆ ಬರೆಯಿರಿ.

ಈಗ ಆರಿಸುವುದು. ಯಾವ ಸಂದೇಶಕ್ಕೆ ಎಷ್ಟು ಉತ್ತರ ಬಂದಿದೆ ಎಂದು ಎಣಿಸಿ, ಐದಕ್ಕಿಂತ ಹೆಚ್ಚು ಬಂದವನ್ನು ಒಂದು ಹಾಳೆಗೆ ಇಳಿಸಿ. ‘ಹೇಗೆ’, ‘ಯಾಕೆ’, ‘ಎಲ್ಲಿದೆ’ ಎಂಬ ಪದಗಳಿರುವ ಸಂದೇಶಗಳನ್ನೂ ಹೆಕ್ಕಿ. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡವನ್ನು ಮರೆಯಬೇಡಿ. ಬೇರೆ ಬೇರೆಯವರು ಮೂರು ಸಲ ಕೇಳಿದ ಪ್ರಶ್ನೆಗೆ ಒಂದು ಪುಟ ಬೇಕೇ ಬೇಕು. ಒಂದೇ ಸಲ ಕೇಳಿದ್ದನ್ನು ಸದ್ಯಕ್ಕೆ ಬಿಡಿ. ಎಲ್ಲವನ್ನೂ ಬರೆಯಲು ಹೊರಟವರು ಹತ್ತನೇ ಪುಟಕ್ಕೆ ಸುಸ್ತಾಗುತ್ತಾರೆ.

ಪುಟಕ್ಕೆ ಹೊಸಬರು ಕೇಳಿದ ಪ್ರಶ್ನೆಯೇ ತಲೆಬರಹವಾಗಲಿ. ‘ಬಹುವಚನ ನಿಯಮಾವಳಿ’ ಎಂದರೆ ಯಾರೂ ತೆರೆಯುವುದಿಲ್ಲ. ‘ಸೊನ್ನೆ ಕಡತ ಎನ್ನಬೇಕೋ ಸೊನ್ನೆ ಕಡತಗಳು ಎನ್ನಬೇಕೋ?’ ಎಂದರೆ ತೆರೆಯುತ್ತಾರೆ. ಮೊದಲೆರಡು ಸಾಲಿನಲ್ಲೇ ತೀರ್ಮಾನ ಹೇಳಿ, ಅದರ ಕೆಳಗೆ ಕಾರಣ ಬರೆಯಿರಿ. ಈ ಬಹುವಚನದ ವಿಷಯವನ್ನೇ ನೋಡಿ: ಯೂನಿಕೋಡ್‌ನವರ ಸಿಎಲ್‌ಡಿಆರ್ ದತ್ತಾಂಶದಲ್ಲಿ (ಪ್ರತಿ ಭಾಷೆಯ ಬಹುವಚನ, ದಿನಾಂಕ ಮುಂತಾದ ರೂಢಿಗಳ ಸಂಗ್ರಹ) ಕನ್ನಡದ ಸೊನ್ನೆಯೂ ಒಂದೂ ಏಕವಚನದ ಗುಂಪಿಗೆ ಸೇರುತ್ತವೆ. ಆದರೆ ಒಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಬಹುವಚನ ಎನ್ನುವ ಸೂತ್ರ ತಲೆಭಾಗದಲ್ಲಿರುವ ಪಿಒ ಕಡತಗಳೂ (ಅನುವಾದದ ಸಾಲುಗಳನ್ನಿಡುವ ಕಡತಗಳು) ಇವೆ. ಎರಡೂ ಬೆರೆತರೆ ಒಂದು ಪರದೆಯಲ್ಲಿ ಹೀಗೆ, ಇನ್ನೊಂದರಲ್ಲಿ ಹಾಗೆ. ನಿಮ್ಮ ಯೋಜನೆ ಯಾವುದನ್ನು ಒಪ್ಪಿದೆ, ಏಕೆ ಒಪ್ಪಿದೆ ಎಂಬುದು ಬರಹದಲ್ಲಿಲ್ಲದಿದ್ದರೆ ಮುಂದೆ ಬಂದವರು ‘ತಪ್ಪು ತಿದ್ದುವ’ ಒಳ್ಳೆಯ ಮನಸ್ಸಿನಿಂದಲೇ ಅದನ್ನು ಕೆಡಿಸುತ್ತಾರೆ. ಹಾಗಾಗಿ ಕೈಬಿಟ್ಟ ಆಯ್ಕೆಗಳನ್ನೂ, ಕೈಬಿಟ್ಟ ಕಾರಣವನ್ನೂ ಬರೆಯಲೇಬೇಕು. ಹೊಸಬರಿಗೆ ಅತಿ ಹೆಚ್ಚು ಉಪಯೋಗಕ್ಕೆ ಬರುವುದು ಈ ಭಾಗ. ದಾಖಲೆ ಬರೆಯುವವರು ಮೊದಲು ಬಿಡುವುದೂ ಇದನ್ನೇ.

ಕೊನೆಯಲ್ಲಿ ತೀರ್ಮಾನದ ದಿನಾಂಕ, ಅದು ಅನ್ವಯಿಸುವ ಆವೃತ್ತಿ, ಮೂಲ ಸಂದೇಶದ ಕೊಂಡಿ ಇರಲಿ. ಖಾಸಗಿ ಗುಂಪಿನ ಕೊಂಡಿ ಸದಸ್ಯರಲ್ಲದವರಿಗೆ ತೆರೆಯುವುದಿಲ್ಲ. ಆದ್ದರಿಂದ ಕೊಂಡಿಯೊಂದನ್ನೇ ನೆಚ್ಚದೆ ಸಾರವನ್ನು ಪುಟದಲ್ಲೇ ಬರೆಯಿರಿ.

ಪುಟಗಳು ಕೋಡಿನ ಜತೆ ಅದೇ ರೆಪೊಸಿಟರಿಯಲ್ಲಿ (ಯೋಜನೆಯ ಕಡತಗಳ ಭಂಡಾರ) ಇರಲಿ, ತಿದ್ದುಪಡಿಯೂ ಪುಲ್ ರಿಕ್ವೆಸ್ಟ್ (ಪರಿಶೀಲಿಸಿ ಸೇರಿಸಿಕೊಳ್ಳಿ ಎಂದು ಕಳಿಸುವ ಬದಲಾವಣೆ) ಮೂಲಕವೇ ಬರಲಿ. ‘ಕಾಂಟ್ರಿಬ್ಯೂಟಿಂಗ್’ ಎಂಬ ಕಡತದಿಂದ ಅವಕ್ಕೆ ಕೊಂಡಿ ಕೊಡಿ. ಯಾರಾದರೂ ಇಶ್ಯೂ (ದೋಷ ಅಥವಾ ಬೇಡಿಕೆಯ ವರದಿ) ಅಥವಾ ಪುಲ್ ರಿಕ್ವೆಸ್ಟ್ ತೆರೆಯುವಾಗ ಗಿಟ್‌ಹಬ್ ತಾನಾಗಿಯೇ ಆ ಕಡತದ ಕೊಂಡಿಯನ್ನು ತೋರಿಸುತ್ತದೆ. ಪದಗಳ ತೀರ್ಮಾನವನ್ನು ಮಾತ್ರ ಪುಟಕ್ಕೆ ಬಿಡದೆ ವೆಬ್‌ಲೇಟ್ ಅಥವಾ ಪಾಂಟೂನ್‌ನಂಥ ಅನುವಾದ ಸಾಧನದ ಪದಕೋಶಕ್ಕೂ ಸೇರಿಸಿ. ಅನುವಾದಿಸುತ್ತಿರುವಾಗಲೇ ಪಕ್ಕದಲ್ಲಿ ಕಾಣಿಸುವ ಪದ ಎಲ್ಲ ದಾಖಲೆಗಿಂತ ಮೇಲು.

ಪ್ರಶ್ನೆ: ನಮ್ಮ ಯೋಜನೆಯ ಚರ್ಚೆ ಸ್ಲ್ಯಾಕ್ ಎಂಬ ಚಾಟ್ ಸೇವೆಯ ಉಚಿತ ಖಾತೆಯಲ್ಲಿದೆ. ಹಳೆಯ ಚರ್ಚೆಗಳು ಕಾಣುತ್ತಿಲ್ಲ. ಮರಳಿ ಪಡೆಯಬಹುದೇ? — ಎಂಜಿನಿಯರಿಂಗ್ ವಿದ್ಯಾರ್ಥಿನಿ, ಹುಬ್ಬಳ್ಳಿ

ಉತ್ತರ: ಎಷ್ಟು ಹಳೆಯವು ಎಂಬುದರ ಮೇಲೆ ನಿಂತಿದೆ. 2022ರ ಸೆಪ್ಟೆಂಬರ್‌ನಿಂದ ಉಚಿತ ಖಾತೆಯಲ್ಲಿ ಕಾಣುವುದು ಕಳೆದ 90 ದಿನಗಳ ಸಂದೇಶ ಮಾತ್ರ. ಅದಕ್ಕೆ ಮುಂಚೆ 10,000 ಸಂದೇಶಗಳ ಮಿತಿ ಇತ್ತು. 90 ದಿನ ದಾಟಿದ್ದು ಮರೆಯಾಗಿದ್ದರೂ ಹಣ ಕಟ್ಟಿದರೆ ಮತ್ತೆ ಕಾಣುತ್ತದೆ. ಆದರೆ 2024ರ ಆಗಸ್ಟ್‌ನಿಂದ ಒಂದು ವರ್ಷ ಮೀರಿದ್ದನ್ನು ಕಂಪನಿ ಅಳಿಸುತ್ತಾ ಬಂದಿದೆ. ಅಳಿಸಿ ಹೋದದ್ದು ಹೋಯಿತು.

ಉಳಿದಿರುವುದನ್ನಾದರೂ ಈ ವಾರವೇ ಇಳಿಸಿಕೊಳ್ಳಿ. ಅದಕ್ಕೆ ಖಾತೆಯ ಆಡಳಿತಗಾರರ ಹಕ್ಕು ಬೇಕು. ಸಾರ್ವಜನಿಕ ಚಾನೆಲ್‌ಗಳ ಸಂದೇಶ ದಿನಕ್ಕೊಂದು ಜೇಸನ್ ಕಡತವಾಗಿ ಜಿಪ್‌ನಲ್ಲಿ ಬರುತ್ತದೆ. ಸಂದೇಶದೊಳಗೆ ಸದಸ್ಯರನ್ನು ಉಲ್ಲೇಖಿಸಿದ ಕಡೆ ಹೆಸರಿನ ಬದಲು ಸಂಕೇತ ಇರುತ್ತದೆ. ಜತೆಗೆ ಬರುವ ‘ಯೂಸರ್ಸ್’ ಕಡತ ನೋಡಿ ಹೊಂದಿಸಿಕೊಳ್ಳಬೇಕು. ಇನ್ನು ಮುಂದೆ 60 ದಿನಕ್ಕೊಮ್ಮೆ ಇಳಿಸುವ ಹೊಣೆಯನ್ನು ಒಬ್ಬರಿಗೆ ವಹಿಸಿ. 90ನೇ ದಿನದವರೆಗೆ ಕಾದರೆ ಪರೀಕ್ಷೆಯ ಸಮಯದಲ್ಲಿ ಖಂಡಿತ ತಪ್ಪಿಹೋಗುತ್ತದೆ.

ಜಾಗ ಬದಲಿಸಲು ಗುಂಪು ಒಪ್ಪಿದರೆ ಝುಲಿಪ್ ಎಂಬ ಚಾಟ್ ತಂತ್ರಾಂಶ ನೋಡಿ ಎನ್ನುತ್ತೇವೆ. ಅಲ್ಲಿ ಪ್ರತಿ ಸಂದೇಶವೂ ಒಂದು ವಿಷಯದ ಕೆಳಗೆ ಬರುತ್ತದೆ, ದಾರಿ ತಪ್ಪಿದ ಸಂದೇಶಗಳನ್ನು ಸರಿಯಾದ ವಿಷಯಕ್ಕೆ ಸರಿಸಬಹುದು, ಬಗೆಹರಿದ ವಿಷಯಕ್ಕೆ ಗುರುತು ಹಾಕಬಹುದು. ಲಾಗಿನ್ ಇಲ್ಲದೆ ಓದಲು ಬಿಡುವ ಸೌಲಭ್ಯವೂ ಇದೆ. ಗಣಿತದ ಪ್ರಮೇಯಗಳ ಸಾಧನೆಯನ್ನು (ಪ್ರೂಫ್) ಕಂಪ್ಯೂಟರಿನಲ್ಲಿ ಬರೆಯುವ ಲೀನ್ ಎಂಬ ಭಾಷೆಯ ಬಳಗ ತನ್ನ ಝುಲಿಪ್ ಚರ್ಚೆಗಳನ್ನು ಸಾದಾ ಪುಟಗಳಾಗಿ ಪ್ರಕಟಿಸಿದೆ. ‘ಝುಲಿಪ್ ಆರ್ಕೈವ್’ ಎಂಬ ಸಾಧನದಿಂದ ನೀವೂ ಮಾಡಬಹುದು. ಮ್ಯಾಟ್ರಿಕ್ಸ್ ಎಂಬ ಇನ್ನೊಂದು ಚಾಟ್ ಜಾಲಕ್ಕೆ ಹೋಗುವುದಾದರೆ ಒಂದು ಎಚ್ಚರ: ಕೋಣೆಗೆ (ಅಲ್ಲಿನ ಗುಂಪಿಗೆ) ಗೂಢಲಿಪೀಕರಣ (ಎನ್‌ಕ್ರಿಪ್ಷನ್) ಒಮ್ಮೆ ಹಾಕಿದರೆ ತೆಗೆಯಲು ಬರುವುದಿಲ್ಲ, ಹೊಸಬರಿಗೆ ಹಳೆಯ ಮಾತು ಓದಲಾಗದೆ ಹೋಗಬಹುದು. ಎಲ್ಲರಿಗೂ ತೆರೆದ ಯೋಜನೆಯ ಕೋಣೆಗೆ ಅದು ಬೇಡ.

ಪ್ರಶ್ನೆ: ಪುಟಗಳನ್ನು ಬರೆದಿದ್ದೇವೆ. ಹುಡುಕಿದರೆ ಮಾತ್ರ ಸಿಗುವುದಿಲ್ಲ. ಪದ ಕಣ್ಣೆದುರೇ ಇರುತ್ತದೆ, ಫಲಿತಾಂಶ ಸೊನ್ನೆ. — ತಂತ್ರಾಂಶ ಉದ್ಯೋಗಿ, ಬೆಂಗಳೂರು

ಉತ್ತರ: ಕನ್ನಡಕ್ಕೆ ಇದು ಹಳೆಯ ಕಾಟ. ಮೂರು ಕಡೆ ನೋಡಿ.

‘ಸಾಫ್ಟ್‌ವೇರ್’ ಎಂಬ ಪದದಲ್ಲಿ ವ ಒತ್ತಾಗಿ ಕೆಳಗಿಳಿಯದಂತೆ ತಡೆಯುವ, ಕಣ್ಣಿಗೆ ಕಾಣದ ಒಂದು ಅಕ್ಷರವಿದೆ (ಯೂನಿಕೋಡ್ ಸಂಖ್ಯೆ 200ಸಿ). ಒಬ್ಬರು ಅದನ್ನು ಹಾಕಿ ಟೈಪಿಸುತ್ತಾರೆ, ಇನ್ನೊಬ್ಬರು ಹಾಕುವುದಿಲ್ಲ. ಯಂತ್ರಕ್ಕೆ ಅವೆರಡೂ ಬೇರೆ ಪದ. ‘ರ‍್ಯಾಲಿ’ಯಂಥ ಪದದಲ್ಲಿ 200ಡಿ ಎಂಬ, ಕಣ್ಣಿಗೆ ಕಾಣದ ಇನ್ನೊಂದು ಅಕ್ಷರ ಹಲಂತಕ್ಕೆ (‘್’ ಚಿಹ್ನೆ) ಮೊದಲು ಬರುವುದೂ ಉಂಟು, ನಂತರ ಬರುವುದೂ ಉಂಟು. ಎನ್‌ಎಫ್‌ಸಿ ಎಂಬ ಯೂನಿಕೋಡ್ ಏಕರೂಪಕ್ಕೆ ತಂದರೆ ‘ೆ’ ಮತ್ತು ‘ೂ’ ಬಿಡಿಯಾಗಿ ಬರೆದದ್ದು ‘ೊ’ ಆಗಿ ಕೂಡುತ್ತದೆ, ಆದರೆ ಈ ಕಾಣದ ಅಕ್ಷರಗಳು ಹೋಗುವುದಿಲ್ಲ. ಆದ್ದರಿಂದ ಎನ್‌ಎಫ್‌ಸಿ ಮಾಡಿ, ಆಮೇಲೆ ಅವೆರಡನ್ನೂ ತೆಗೆದುಹಾಕಿ. ಇದನ್ನು ಹುಡುಕುವ ಸೂಚಿಯಲ್ಲೂ (ಇಂಡೆಕ್ಸ್) ಓದುಗರು ಟೈಪಿಸಿದ ಪದದಲ್ಲೂ ಮಾಡಬೇಕು; ಓದಲು ತೋರಿಸುವ ಬರಹವನ್ನು ಮುಟ್ಟಬಾರದು.

ಎರಡನೆಯದು ಪದ ಒಡೆಯುವ ರೀತಿ. ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ‘ಆರ್‌ಇ’ ಪೊಟ್ಟಣದಲ್ಲಿ ಪದದ ಅಕ್ಷರಗಳನ್ನು ಹುಡುಕುವ ಬ್ಯಾಕ್‌ಸ್ಲ್ಯಾಶ್ ಡಬ್ಲ್ಯು ಎಂಬ ಗುರುತು ಹಲಂತವನ್ನೂ ಸ್ವರಚಿಹ್ನೆಗಳನ್ನೂ ಅಕ್ಷರವೆಂದು ಎಣಿಸುವುದಿಲ್ಲ. ‘ಕನ್ನಡ’ ಎಂಬುದು ‘ಕನ’, ‘ನಡ’ ಎಂದು ಎರಡು ಹೋಳಾಗುತ್ತದೆ. ಖಾಲಿ ಜಾಗ ಮತ್ತು ವಿರಾಮಚಿಹ್ನೆಗಳಲ್ಲಿ ಮಾತ್ರ ಒಡೆಯುವಂತೆ ಬದಲಿಸಿ.

ಮೂರನೆಯದು ವಿಭಕ್ತಿ. ಕಡತ, ಕಡತದಲ್ಲಿ, ಕಡತವನ್ನು — ಪದದ ಆರಂಭ ಹೊಂದಿದರೆ ಸಾಕು ಎಂದು ಹುಡುಕಿದರೆ ಬಹುಪಾಲು ಸಿಗುತ್ತದೆ. ‘ಮಾತು’ ಹೋಗಿ ‘ಮಾತಿನ’ ಆಗುವಂಥ ಕಡೆ ಕೊನೆಯ ಸ್ವರಚಿಹ್ನೆ ಬಿಟ್ಟು ಹುಡುಕಿಸಿ. ಇಷ್ಟಾದ ಮೇಲೆ ಪ್ರತಿ ಪುಟದ ಅಡಿಯಲ್ಲಿ ‘ಹುಡುಕುಪದ’ ಎಂದು ಒಂದು ಸಾಲು ಸೇರಿಸಿ, ಜನ ನಿಜವಾಗಿ ಟೈಪಿಸುವ ರೂಪಗಳನ್ನೆಲ್ಲ, ಇಂಗ್ಲಿಷ್ ಅಕ್ಷರದವನ್ನೂ, ಅಲ್ಲಿಡಿ.

ಪ್ರಶ್ನೆ: ವಾಟ್ಸ್‌ಆ್ಯಪ್ ಗುಂಪಿನ ಚರ್ಚೆಯನ್ನು ಪ್ರಕಟಿಸಲು ಎಲ್ಲರ ಒಪ್ಪಿಗೆ ಬೇಕೇ? — ಕಾಲೇಜು ಅಧ್ಯಾಪಕರು, ಶಿವಮೊಗ್ಗ

ಉತ್ತರ: ಹೇಳಿದ ಮಾತನ್ನು ಹಾಗೆಯೇ ಪ್ರಕಟಿಸುವುದಾದರೆ ಬೇಕು. ಬರೆದ ಸಂದೇಶ ಬರೆದವರದ್ದು. ಅವರು ಗುಂಪನ್ನು ನಂಬಿ ಬರೆದದ್ದು. ಸಾರವನ್ನು ನಿಮ್ಮ ಮಾತಿನಲ್ಲಿ ಬರೆದು, ಹೆಸರು ಹಾಕುವ ಮುನ್ನ ಕೇಳಿದರೆ ತೊಡಕು ಕಡಿಮೆ. ಇನ್ನು ಮುಂದೆ ತೀರ್ಮಾನಗಳನ್ನು ದಾಖಲಿಸುತ್ತೇವೆ ಎಂಬ ಸೂಚನೆಯನ್ನು ಗುಂಪಿನ ಮೇಲ್ಭಾಗದಲ್ಲಿ ಪಿನ್ ಮಾಡಿ.

ಮಾಧ್ಯಮ ಕಡತಗಳಿಲ್ಲದೆ ಇಳಿಸಿದರೆ ವಾಟ್ಸ್‌ಆ್ಯಪ್ ಕೊಡುವುದು ಇತ್ತೀಚಿನ 40,000 ಸಂದೇಶಗಳವರೆಗೆ, ಮಾಧ್ಯಮದೊಂದಿಗೆ 10,000. ಅದರಲ್ಲಿ ಯಾವುದಕ್ಕೆ ಯಾವುದು ಉತ್ತರ ಎಂಬ ನಂಟು ಉಳಿಯುವುದಿಲ್ಲ, ನಿಮ್ಮ ಫೋನಿನಲ್ಲಿ ಹೆಸರಿಲ್ಲದವರ ಮೊಬೈಲ್ ಸಂಖ್ಯೆ ಹಾಗೇ ಬರುತ್ತದೆ. ಹತ್ತು ಅಂಕಿಯ ಸಂಖ್ಯೆ, ಮಿಂಚಂಚೆ ವಿಳಾಸ, ಪಾಸ್‌ವರ್ಡ್, ಟೋಕನ್ (ಪಾಸ್‌ವರ್ಡಿನಂತೆ ಪ್ರವೇಶ ಕೊಡುವ ಗುಟ್ಟಿನ ಸಂಕೇತ) ಇವನ್ನು ಕಮಿಟ್ ಮಾಡುವ (ಬದಲಾವಣೆಗಳ ಲೆಕ್ಕವಿಡುವ ಗಿಟ್‌ಗೆ ಸೇರಿಸುವ) ಮೊದಲೇ ಹುಡುಕಿ ತೆಗೆಯಿರಿ. ಆಮೇಲೆ ಅಳಿಸಿದರೂ ಗಿಟ್‌ನ ಇತಿಹಾಸದಲ್ಲಿ ಉಳಿದಿರುತ್ತದೆ. ಟೋಕನ್ ಹೊರಬಿದ್ದಿದ್ದರೆ ಅಳಿಸುವುದು ಆಮೇಲಿನ ಮಾತು, ಮೊದಲು ಅದನ್ನು ರದ್ದು ಮಾಡಿ ಹೊಸದು ಪಡೆಯಿರಿ.

ಪ್ರಶ್ನೆ: ಎಐಗೆ ಚಾಟು ಕೊಟ್ಟು ಸಾರಾಂಶ ಬರೆಸಬಹುದೇ? — ಓದುಗರು, ಮಂಗಳೂರು

ಉತ್ತರ: ಕರಡು ಬರೆಸಲು ಅಡ್ಡಿಯಿಲ್ಲ, ಖಾಸಗಿ ವಿವರ ತೆಗೆದ ಮೇಲೆ. ಅದು ಎಡವುವುದು ಸೂಚನೆ ಮತ್ತು ತೀರ್ಮಾನದ ನಡುವೆ: ಯಾರೋ ಜೋರಾಗಿ ವಾದಿಸಿ ಕೊನೆಗೆ ಬಿಟ್ಟುಕೊಟ್ಟದ್ದನ್ನು ಯೋಜನೆಯ ನಿಯಮವೆಂದು ಬರೆದುಬಿಡಬಹುದು. ಪ್ರತಿ ವಾಕ್ಯದ ಮುಂದೆ ಸಂದೇಶದ ಸಂಖ್ಯೆ ಕೊಡಲು ಹೇಳಿ, ಅವನ್ನು ತೆರೆದು ನೋಡಿ. ಸಂಖ್ಯೆ ಸಿಗದ ವಾಕ್ಯವನ್ನು ಹೊಡೆದುಹಾಕಿ. ಆ ಚರ್ಚೆಯಲ್ಲಿದ್ದ ಒಬ್ಬರಾದರೂ ಓದಿ ಒಪ್ಪಿದ ಮೇಲೆಯೇ ಪುಟ ಸೇರಲಿ.